ಸುಂಕದ ಚರ್ಚೆಗೆ ನಿಲ್ಲುವ ಮುಂಚೆ ಒಂದು ರೇಷ್ಮೆ ಸೀರೆ ನೋಡಿ

ಮುಕ್ತ ವ್ಯಾಪಾರವೋ, ಆಮದು ಸುಂಕವೋ ಅನ್ನುವ ಚರ್ಚೆಯಲ್ಲಿ ಹೆಚ್ಚಿನವರು 'ದೇಶಕ್ಕೆ ಲಾಭ', 'ದೇಶಕ್ಕೆ ನಷ್ಟ' ಅಂತ ಕೂಗಿಯೇ ಸಮಯ ಮುಗಿಸಿಬಿಡುತ್ತಾರೆ. ಅದನ್ನು ಬಿಡಿ. ಒಂದೇ ಒಂದು ಸರಕು ಆರಿಸಿಕೊಂಡು, ಅದನ್ನು ಬೆಳೆಯುವವರು ಯಾರು, ಕೊಳ್ಳುವವರು ಯಾರು ಅಂತ ಮೊದಲು ಬರೆದಿಟ್ಟುಕೊಳ್ಳಿ. ನಾನಾದರೆ ರೇಷ್ಮೆ ಆರಿಸುತ್ತೇನೆ.

2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ ಶೇ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಬಿತ್ತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಮತ್ತೆ ಶೇ 15ಕ್ಕೆ ಏರಿಸಬೇಕಾಯಿತು.

ನೀವು ಸುಂಕದ ಪರವೇ? ಹಾಗಾದರೆ ರಾಮನಗರದ ಗೂಡಿನ ಮಾರುಕಟ್ಟೆಯಿಂದ ಶುರು ಮಾಡಿ. ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವನು, ಒಂದು ಹಿಡಿ ಗೂಡು ಎತ್ತಿ, ಅಲ್ಲಾಡಿಸಿ ನೋಡಿ ಬೆಲೆ ಕಟ್ಟುತ್ತಾನೆ. ಬೆಲೆ ಕಮ್ಮಿ ಅಂತ ರೈತ ಗೂಡನ್ನು ವಾಪಸ್ ಮನೆಗೆ ಒಯ್ದಿಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚಲು ಆಗುವುದಿಲ್ಲ. ಅವನಿಗೆ ಕಾಯುವ ಅವಕಾಶವೇ ಇಲ್ಲ. 'ಬೇರೆ ಬೆಳೆ ಹಾಕಲಿ' ಅಂದರೆ, ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆ ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷದ ತೋಟ, ಅಲ್ವಾ?

ಮುಕ್ತ ವ್ಯಾಪಾರದ ಪರ ನಿಂತರೆ ನೇಕಾರನನ್ನು ಕರೆದುಕೊಂಡು ಬನ್ನಿ. ಪವರ್‌ಲೂಮ್‌ನಲ್ಲಿ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆ, ಕಡಿಯದ, ಒಂದೇ ಸಮನಾದ ನೂಲಿನದ್ದಾಗಿರಬೇಕು, ಹಾಗಾಗಿ ಎಷ್ಟೋ ಸೀರೆಗಳಲ್ಲಿ ಹಾಸು ಚೀನಾದ್ದು, ಅಡ್ಡಕ್ಕೆ ನೇಯುವ ಹೊಕ್ಕು ನಮ್ಮದು. ಹಾಸಿನ ಮೇಲೆ ಹಾಕಿದ ಸುಂಕ ನೇಕಾರನ ಕೂಲಿಯನ್ನು ತಿನ್ನುತ್ತದೆ. ಸುಂಕ ಜಾಸ್ತಿಯಾದಷ್ಟೂ ಕಳ್ಳಸಾಗಣೆಗೆ ಆಸೆ ಹೆಚ್ಚುತ್ತದೆ, ಅದನ್ನೂ ಹೇಳಿ. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಉದಾಹರಣೆಯನ್ನು ಸುಮ್ನೆ ಹೆಸರಿಸಿ ಬಿಡಬೇಡಿ, ಬಿಡಿಸಿ ಹೇಳಿ: ಪೋರ್ಚುಗಲ್ ಬಟ್ಟೆಯನ್ನೂ ವೈನನ್ನೂ ಇಂಗ್ಲೆಂಡಿಗಿಂತ ಕಡಿಮೆ ದುಡಿಮೆಯಲ್ಲಿ ಮಾಡಬಲ್ಲದು, ಆದರೂ ಅದರ ಮೇಲುಗೈ ವೈನಿನಲ್ಲೇ ಹೆಚ್ಚು, ಹಾಗಾಗಿ ವೈನ್ ಮಾಡಿ ಬಟ್ಟೆ ಕೊಂಡರೆ ಇಬ್ಬರಿಗೂ ಲಾಭ.

ಒಂದು ತಪ್ಪನ್ನು ಮಾತ್ರ ಯಾರೂ ಮಾಡಬೇಡಿ. 'ಚೀನಾ ಸುಂಕ ಕಟ್ಟುತ್ತದೆ' ಅನ್ನಬೇಡಿ. ಬಂದರಿನಲ್ಲಿ ದುಡ್ಡು ಕಟ್ಟುವವನು ನಮ್ಮ ಆಮದುದಾರ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಅನೇಕ ಸರಕುಗಳ ಮೇಲೆ ಶೇ 50 ಸುಂಕ ಹಾಕಿದಾಗಲೂ ಕಟ್ಟಬೇಕಾಗಿದ್ದು ಅಲ್ಲಿನ ಆಮದುದಾರನೇ. ಅವನು ಬೆಲೆ ಇಳಿಸು ಅಂತ ನಮ್ಮವರನ್ನು ಹಿಂಡುತ್ತಾನೆ, ಇಲ್ಲವೇ ಆರ್ಡರ್ ಕಡಿತ ಮಾಡುತ್ತಾನೆ. ಪೆಟ್ಟು ಎರಡೂ ಕಡೆ.

ನನ್ನ ಒಲವು ಸುಂಕ ಇಳಿಸುವ ಕಡೆಗೇ. ಆದರೆ ಮುಂಚಿತವಾಗಿ ತಿಳಿಸಿ, ವರ್ಷಕ್ಕೆ ಇಷ್ಟು ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನೀವು ಇನ್ನೊಂದು ಪಕ್ಷದಲ್ಲಿದ್ದು ನನ್ನಂಥವರು ಎದುರಿಗೆ ಸಿಕ್ಕರೆ ಒಂದು ಪ್ರಶ್ನೆ ಕೇಳಿ: ಸುಂಕ ಶೇ 5ಕ್ಕೆ ಇಳಿದಾಗ ಅಂಗಡಿಯಲ್ಲಿ ಸೀರೆಯ ಬೆಲೆ ಎಷ್ಟು ಇಳಿಯಿತು?