ಕನ್ನಡ ಅಕ್ಷರ ಎಣಿಸುವಾಗ ಕೌಂಟರ್‌ಗೆ ನೇರವಾಗಿ ಸ್ಟ್ರಿಂಗ್ ಕೊಡಬೇಡಿ

ಪೈಥಾನ್‌ನಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕಿದ್ದರೆ, ಪಠ್ಯವನ್ನು ಮೊದಲು ಈ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯದಲ್ಲಿ ಹುಡುಕಬೇಕಾದ ಮಾದರಿ) ಒಡೆದು, ಸಿಕ್ಕ ಪಟ್ಟಿಯನ್ನು ಕೌಂಟರ್‌ಗೆ (ಯಾವುದು ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕುವ ಪೈಥಾನ್‌ನ ಸಿದ್ಧ ಸಾಧನ) ಕೊಡಿ:

[ಅ-ಹ](?:್[ಕ-ಹ]|[ಾ-್ಂಃ])*

ಕೌಂಟರ್‌ಗೆ ಕಾಣುವುದು ನಮ್ಮ ಅಕ್ಷರವಲ್ಲ, ಯೂನಿಕೋಡ್‌ನ ಕೋಡ್ ಪಾಯಿಂಟ್, ಅಂದರೆ ಪ್ರತಿ ಬಿಡಿ ಚಿಹ್ನೆಗೂ ಕೊಟ್ಟಿರುವ ಸಂಖ್ಯೆ. ‘ಕನ್ನಡ’ ನಮಗೆ ಮೂರಕ್ಷರ, ಅದಕ್ಕೆ 5: ಕ, ನ, ಹಲಂತ ಚಿಹ್ನೆ (್), ಮತ್ತೆ ನ, ಡ. ಹಾಗಾಗಿ ‘ನ’ ಎರಡು ಸಲ ಬಂತು ಎನ್ನುತ್ತದೆ, ‘ನ್ನ’ ಲೆಕ್ಕಕ್ಕೇ ಇಲ್ಲ. ದೊಡ್ಡ ಫೈಲ್ ಕೊಟ್ಟರಂತೂ ಪಟ್ಟಿಯ ಮೇಲ್ಸಾಲಿನಲ್ಲಿ ಗುಣಿತದ ಚಿಹ್ನೆಗಳೂ ಬಂದು ಕೂರುತ್ತವೆ. ಮೇಲೆ ಕೊಟ್ಟ ಎಕ್ಸ್‌ಪ್ರೆಶನ್ ವ್ಯಂಜನ, ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಒಂದೇ ಗಂಟಾಗಿ ಹಿಡಿಯುತ್ತದೆ. ಪಠ್ಯವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಒಡೆಯುವ ಸಿದ್ಧ ಗ್ರಾಫೀಮ್ ಲೈಬ್ರರಿ ಸಾಲದೇ ಎಂದರೆ, ಸಾಲದು: ಯೂನಿಕೋಡ್ 15.1ರಲ್ಲಿ ತೆಲುಗು, ದೇವನಾಗರಿಗೆ ಬಂದ ಒತ್ತಕ್ಷರದ ನಿಯಮ ಕನ್ನಡಕ್ಕೆ ಬರಲಿಲ್ಲ, ಹಾಗಾಗಿ ಆ ಲೈಬ್ರರಿ ‘ನ್ನ’ವನ್ನು ‘ನ್’, ‘ನ’ ಎಂದು ಸೀಳುತ್ತದೆ. ಒಡೆಯುವ ಮೊದಲು ಎನ್‌ಎಫ್‌ಸಿಗೆ (ಬಿಡಿ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯೂನಿಕೋಡ್ ರೂಪ) ನಾರ್ಮಲೈಸ್ ಮಾಡಿಕೊಳ್ಳುವುದನ್ನು ಮರೆಯಬೇಡಿ. ‘ಕೋ’ದ ಗುಣಿತವನ್ನು ಒಂದೇ ಚಿಹ್ನೆಯಾಗಿಯೂ ಬಿಡಿ ತುಂಡುಗಳಾಗಿಯೂ ಬರೆದಿರಬಹುದು, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಎಣಿಕೆ ಮಾತ್ರ ಎರಡು ಪಾಲಾಗುತ್ತದೆ. ಈ ಎಕ್ಸ್‌ಪ್ರೆಶನ್ ಕೈಕೊಡುವ ಜಾಗಗಳೂ ಇವೆ. ‘ರ‍್ಯಾಂಕ್’ನಂಥ ಪದದ ನಡುವೆ ಅಡಗಿರುವ ಜೋಡಕ ಚಿಹ್ನೆ (ಝಡ್‌ಡಬ್ಲ್ಯುಜೆ) ಬಂದರೆ ಅಕ್ಷರ ಅಲ್ಲೇ ತುಂಡಾಗುತ್ತದೆ, ಹಳಗನ್ನಡದ ೞ ಈ ವ್ಯಾಪ್ತಿಯ ಹೊರಗಿದೆ, ಬೇಕಿದ್ದವರು ಸೇರಿಸಿಕೊಳ್ಳಿ. ಬರೀ ಪದಗಳನ್ನು ಎಣಿಸುವವರಿಗೆ ಇದ್ಯಾವುದೂ ಬೇಡ, ಸ್ಪ್ಲಿಟ್ ಮಾಡಿ ಕೌಂಟರ್‌ಗೆ ಕೊಟ್ಟರಾಯಿತು. ಆದರೆ ನಾರ್ಮಲೈಸ್ ಅಲ್ಲೂ ಬೇಕು.