ನೈಜೀರಿಯಾದ ರಾಜಕೀಯ ಸುದ್ದಿ ಓದುವುದು ಹೇಗೆ?

ನಾನಂತೂ ಯಾರು ಗೆದ್ದರು ಅಂತ ನೋಡುವ ಮೊದಲು ದುಡ್ಡಿನ ದಾರಿ ಹುಡುಕುತ್ತೇನೆ. ನೀವೂ ಹಾಗೇ ಮಾಡಿ. ಕಚ್ಚಾ ಎಣ್ಣೆಯ ಹಣ ರಾಜಧಾನಿ ಅಬುಜಾ ಸೇರಿ, ಅಲ್ಲಿಂದ ತಿಂಗಳು ತಿಂಗಳು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಜನ ಆರಿಸಿದ, ರಾಜ್ಯ ಆಳುವ ಹೆಚ್ಚಿನ ಗವರ್ನರ್‌ಗಳು ಆ ಪಾಲನ್ನೇ ನೆಚ್ಚಿಕೊಂಡಿದ್ದಾರೆ. ಜನರ ತೆರಿಗೆ ಬೇಡದವರಿಗೆ ಜನರ ಮಾತು ಯಾಕೆ ಬೇಕು, ಅಲ್ವಾ?

ಆಮೇಲೆ ನಕ್ಷೆಯಲ್ಲಿ ನೈಜರ್ ನದಿ ಸಮುದ್ರ ಸೇರುವ ಜಾಗ ನೋಡಿ. 1956ರಲ್ಲಿ ಎಣ್ಣೆ ಸಿಕ್ಕ ಒಲೊಯ್‌ಬಿರಿ ಅಲ್ಲೇ ಇದೆ. ಮೀನು ಹಿಡಿಯುತ್ತಿದ್ದ ತೊರೆಗಳ ಮೇಲೆ ಎಣ್ಣೆಯ ಕಪ್ಪು ಪದರ ತೇಲಿತು. ಅದನ್ನು ಪ್ರಶ್ನಿಸಿದ ಲೇಖಕ ಕೆನ್ ಸಾರೋ-ವಿವಾ ಅವರನ್ನು ಸೇನಾ ಸರ್ಕಾರ 1995ರಲ್ಲಿ ಗಲ್ಲಿಗೇರಿಸಿತು.

ಪೆಟ್ರೋಲ್ ಬೆಲೆಯನ್ನಂತೂ ಮರೆಯಬೇಡಿ. 2012ರ ಜನವರಿಯಲ್ಲಿ ಸಬ್ಸಿಡಿ ತೆಗೆದರು. 65 ನೈರಾ (ಅಲ್ಲಿನ ಹಣ) ಇದ್ದ ಲೀಟರ್ 140 ದಾಟಿತು. ಜನ ಬೀದಿಗಿಳಿದರು. ಬೆಲೆ 97ಕ್ಕೆ ಇಳಿಯಿತು.