ಮೊದಲು ಜಾತಕ ಬಿಟ್ಟೆ, ಕೊನೆಗೆ ದೀಪ

ಹದಿನೆಂಟು ವರ್ಷ ದೇವರ ತಲೆಗೆ ನೀರು ಹಾಕಿದವನು ನಾನು. ಅದರಲ್ಲಿ ಕೊನೆಯ ಎಂಟೊಂಬತ್ತು ವರ್ಷ ದೇವರಿದ್ದಾನೆ ಎಂಬ ನಂಬಿಕೆಯೇ ಇರಲಿಲ್ಲ. ಈಗ ಊರಲ್ಲೇ ಇದ್ದುಕೊಂಡು, ಜಗಳವಿಲ್ಲದೆ ಗರ್ಭಗುಡಿಯಿಂದ ಹೊರಬಂದಿದ್ದೇನೆ. ಅಮೆರಿಕದಲ್ಲಿ ನಂಬಿಕೆ ಕಳೆದುಕೊಂಡ ಪಾದ್ರಿಗಳಿಗೆ 2011ರಿಂದ ಕ್ಲರ್ಜಿ ಪ್ರಾಜೆಕ್ಟ್ ಅಂತ ಒಂದು ಕೂಟವಿದೆ, ಹೆಸರು ಮರೆಸಿಕೊಂಡು ಮಾತಾಡಬಹುದು. ನನಗೆ ಇದ್ದದ್ದು ಇಬ್ಬರು ಅರ್ಚಕ ಗೆಳೆಯರು. ‘ಆಗದ ಕೆಲಸ ಭಟ್ರೇ, ಊರು ಬಿಡಬೇಕಾದೀತು’ ಅಂದರು ಇಬ್ಬರೂ. ಆಯಿತು ಅಂತ ತೋರಿಸಿದ್ದೇನೆ.

ಮೂರು ಸಲ ಸೋತೆ. 2014ರಲ್ಲಿ ಒಮ್ಮೆಲೇ ಕೀಲಿ ಕೊಟ್ಟು ಮೈಸೂರಿಗೆ ಹೋಗಿ ಹೋಟೆಲೊಂದರ ಗಲ್ಲಾದಲ್ಲಿ ಕೂತೆ. ಏಳು ತಿಂಗಳಿಗೆ ಎಂಬತ್ತು ಸಾವಿರದಷ್ಟು ಸಾಲ, ವಾಪಸ್. ಮರುವರ್ಷ ಆಡಳಿತ ಮಂಡಳಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸಂಬಳಕ್ಕಾಗಿ ಹೂಡಿದ ಆಟ ಅಂದುಕೊಂಡು ಐನೂರು ರೂಪಾಯಿ ಏರಿಸಿದರು. ಅದನ್ನು ತೆಗೆದುಕೊಂಡದ್ದು ಈಗಲೂ ಚುಚ್ಚುತ್ತದೆ. ಆಮೇಲೆ ಎರಡು ವರ್ಷ, ವೇದ ಹೇಳಿದ ಕರ್ಮವೇ ಮುಖ್ಯ ಅನ್ನುವ ಮೀಮಾಂಸಕರ ಮರೆಯಲ್ಲಿ ಕೂತೆ. ಅವರಲ್ಲಿ ದೊಡ್ಡವರಾದ ಕುಮಾರಿಲ ಭಟ್ಟರೇ ಸೃಷ್ಟಿಕರ್ತನನ್ನು ಒಪ್ಪದೆ ಯಜ್ಞವನ್ನು ಎತ್ತಿಹಿಡಿದರಲ್ಲ, ನಾನು ಪೂಜೆ ಮಾಡಿದರೆ ಏನಂತೆ? ಆದರೆ ಅವರಿಗೆ ವೇದದ ಮೇಲೆ ನಂಬಿಕೆಯಿತ್ತು. ನನಗೆ ಅದೂ ಇರಲಿಲ್ಲ.

ಕೈಹಿಡಿದದ್ದು ಬಿಡುವ ಕ್ರಮ. ‘ಕಾಸಿಲ್ಲದ ನಿತ್ಯಪೂಜೆ ಮೊದಲು ಬಿಡು, ಹೊರಗಿನ ಹೋಮ ಶಾಂತಿ ಇಟ್ಟುಕೋ’ ಅನ್ನುವುದು ಎಲ್ಲರ ಲೆಕ್ಕ. ನಾನು ಅದನ್ನು ತಲೆಕೆಳಗು ಮಾಡಿದೆ. 2018ರ ಸಂಕ್ರಾಂತಿಯಿಂದ, ಜನರ ಹೆದರಿಕೆಯ ಮೇಲೆ ದುಡ್ಡು ಬರುವುದನ್ನೆಲ್ಲ ನಿಲ್ಲಿಸಿದೆ: ಜಾತಕ, ಕುಜದೋಷ, ಸರ್ಪದೋಷ, ವಾಸ್ತು. ತಿಂಗಳಿಗೆ ಆರೇಳು ಸಾವಿರ ಹೋಯಿತು, ಅಂದರೆ ಆದಾಯದಲ್ಲಿ ಅರ್ಧ. ಉಳಿದದ್ದು ಪೂಜೆಗೆಂದು ಸರ್ಕಾರ ಕೊಡುವ ತಸ್ತೀಕು, ತಟ್ಟೆಕಾಸು. ಮನೆಯವಳ ಎರಡು ಬಳೆ ಗಿರವಿಗೆ ಹೋದವು. ಆದರೆ ಮೂರನೇ ತಿಂಗಳಿಗೆ ನನಗೆ ರಾತ್ರಿ ನಿದ್ದೆ ಬರತೊಡಗಿತು. ದೀಪ ಹಚ್ಚಿ ನೈವೇದ್ಯ ಇಟ್ಟರೆ ಯಾರಿಗೂ ಕೇಡಿಲ್ಲ. ಕುಜದೋಷ ಅಂತ ಹೇಳಿ ಒಂದು ಹುಡುಗಿಯನ್ನು ನಾಲ್ಕು ವರ್ಷ ಮನೆಯಲ್ಲಿ ಕೂರಿಸಿದ್ದೆನಲ್ಲ, ಅದು ಕೇಡು.

ಆ ಬಿಡುವಿನಲ್ಲಿ ಹಳೆಯ ಪುಸ್ತಕ ತೆಗೆದು, ನಾನೇ ಜಾತಕ ನೋಡಿದ ನಲವತ್ತರಷ್ಟು ಮದುವೆಗಳನ್ನು ಹುಡುಕಿ ವಿಚಾರಿಸಿದೆ. ಜಾತಕ ಕೂಡದಿದ್ದರೂ ಹಟ ಹಿಡಿದು ಮದುವೆಯಾದವರು ಹತ್ತೋ ಹನ್ನೊಂದೋ. ಅವರ ಸಂಸಾರಕ್ಕೂ ಮೂವತ್ತಾರು ಗುಣಗಳಲ್ಲಿ ಮೂವತ್ತು ಕೂಡಿದವರ ಸಂಸಾರಕ್ಕೂ ವ್ಯತ್ಯಾಸ ಕಾಣಲಿಲ್ಲ. ಕೊಡವರ ಮನೆಗಳಲ್ಲಿ ಪುರೋಹಿತನೇ ಇಲ್ಲದೆ, ಹಿರಿಯರು ಅಕ್ಕಿ ಹಾಕಿ ಹರಸಿ ಮದುವೆ ಮುಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ನೋಡಿಯೂ ತಿಳಿದಿರಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಕುಸಿಯಿತು. ಮಡಿಕೇರಿಯ ಗಂಜಿ ಕೇಂದ್ರವೊಂದರಲ್ಲಿ ಹದಿನಾರು ದಿನ ಸೌಟು ಹಿಡಿದೆ. ಮನೆ ಮಣ್ಣಾದವರೊಬ್ಬರು ‘ಭಟ್ರೇ, ನೀವು ಮಂತ್ರ ಹೇಳದೆ ಬಡಿಸಿದ್ದೇ ಒಳ್ಳೆಯದಾಯಿತು’ ಅಂದರು. ಮೊದಲ ಅಡುಗೆ ಆರ್ಡರ್ ಕೊಟ್ಟವರೂ ಅವರ ಕುಟುಂಬದವರೇ. ಕೊಡವ ಮದುವೆಯಲ್ಲಿ ಸಸ್ಯಾಹಾರಿಗಳ ಪಂಕ್ತಿ, ನೂರಿಪ್ಪತ್ತು ಎಲೆ, ಖರ್ಚು ಕಳೆದು ನಾಲ್ಕು ಸಾವಿರ ಉಳಿಯಿತು. ದೋಷ ಹೇಳಿ ದುಡ್ಡು ಕೀಳುವುದನ್ನು ನಿಲ್ಲಿಸಿದ್ದು ಊರಿಗೆ ಗೊತ್ತಾಗಿತ್ತು, ಆದ್ದರಿಂದಲೇ ನಂಬಿ ಕರೆದರು. ನಡುವೆ ತುಡುವೆ ಜೇನಿನ ಆರು ಪೆಟ್ಟಿಗೆ ಇಟ್ಟು ನೋಡಿದೆ. ಎರಡು ಉಳಿದವು, ಒಂಬತ್ತು ಸಾವಿರ ಮಣ್ಣಾಯಿತು. ನಿಮಗೆ ಅದು ಬೇಡ.

ಎರಡನೇ ವರ್ಷ ಶ್ರಾದ್ಧ ಮಾಡಿಸುವುದು ಬಿಟ್ಟೆ. ದುಃಖದಲ್ಲಿ ಬಂದವರನ್ನು ವಾಪಸ್ ಕಳಿಸುವುದು ತುಂಬ ಕಷ್ಟ. ಅದಕ್ಕೆ ನಾನು ಕಂಡುಕೊಂಡ ಮಾತೊಂದಿದೆ, ಇಲ್ಲಿ ಬರೆದರೆ ಕೆಡುತ್ತದೆ. ನಿತ್ಯಪೂಜೆಯನ್ನು ಸಂಬಂಧಿಕರ ಹುಡುಗನೊಬ್ಬನಿಗೆ ಹನ್ನೊಂದು ತಿಂಗಳು ಕಲಿಸಿ, 2021ರ ತುಲಾ ಸಂಕ್ರಮಣ ಕಳೆದ ಮೇಲೆ ಕೀಲಿ ಕೊಟ್ಟೆ. ಅವನಿಗೆ ನಂಬಿಕೆಯಿದೆ, ಚೆನ್ನಾಗಿ ಮಾಡುತ್ತಾನೆ.

ಅಪ್ಪನಿಗೆ ಹೇಗೆ ಹೇಳಿದೆ ಅಂತ ಇಬ್ಬರೂ ಗೆಳೆಯರು ಕೇಳುತ್ತಾರೆ. ಅದನ್ನು ಎದುರು ಕೂತೇ ಹೇಳಬೇಕು. ಸೋಮವಾರ ನನಗೆ ಅಡುಗೆ ಕೆಲಸ ಇರುವುದಿಲ್ಲ, ಮನೆಗೆ ಬನ್ನಿ.